ಕುಂಬಾರರು ಸೋತ ಸೋಮವಾರ

ಹ್ಯಾನ್ಲಿ, ಒಹಾಯೊ
ಆಗಸ್ಟ್ ೨೦, ೧೯೫೧

ಡೆಲ್ಲಾಳಿಗೆ,

ನಿನ್ನ ಚಳಿಗಾಲದ ಕೋಟು ಇನ್ನೂ ಮಹಡಿ ಕೋಣೆಯ ಬೀರುವಿನಲ್ಲಿದೆ. ಆ ಕೋಣೆಯನ್ನು ಬಾಡಿಗೆಗೆ ಕೊಟ್ಟಿದ್ದೇನೆ, ಬೀರು ಖಾಲಿಯಾಗಬೇಕು. ಕೋಟು ಬೇಕಿದ್ದರೆ ತಿಳಿಸು, ಯಾರ ಕೈಯಲ್ಲಾದರೂ ಕಳಿಸುತ್ತೇನೆ. ಇಷ್ಟು ಹೇಳುವುದಕ್ಕೇ ಬರೆಯಲು ಕೂತದ್ದು.

ಕಾಗದದಲ್ಲಿ ಇನ್ನೂ ಜಾಗವಿದೆ. ಸುಮ್ಮನೆ ಏಕೆ ಹಾಳು ಮಾಡಲಿ?

ಕೋಣೆಗೆ ಬಂದಿರುವವನು ರಾಯ್ಸ್ ವಾಲ್ಡ್ರಪ್. ಹೆಸರು ನೀನೂ ಕೇಳಿರುತ್ತೀಯ, ನಮ್ಮ ಪಿಂಗಾಣಿ ಊರಿನ ಕುಂಬಾರರ ಬೇಸ್‌ಬಾಲ್ ತಂಡದಲ್ಲಿ ಮೈದಾನದ ನಡುಭಾಗ ಕಾಯುವವನು. ಟೆನೆಸಿಯ ಬೆಟ್ಟದ ಕಡೆಯವನು, ಮೂವತ್ತನಾಲ್ಕು ವಯಸ್ಸು, ಮದುವೆಯಾಗಿಲ್ಲ. ಎಡ ಮೊಣಕಾಲು ಕೆಟ್ಟಿದೆ. ಆಟ ಮುಗಿದ ಮೇಲೆ ಅಡುಗೆಮನೆಯಲ್ಲಿ ಕೂತು ಅದಕ್ಕೆ ಬಿಸಿ ಉಪ್ಪಿನ ಶಾಖ ಕೊಟ್ಟುಕೊಳ್ಳುತ್ತಾನೆ. ಎಂದೂ ನರಳಿದ್ದು ಕೇಳಿಲ್ಲ. ನರಳುವಂತಾದಾಗ ಕೀರ್ತನೆ ಗುನುಗುತ್ತಾನೆ, ರಾಗ ಮಾತ್ರ ಯಾವಾಗಲೂ ತಪ್ಪು.

ಅವನು ಆಡುವುದನ್ನು ನೋಡುವುದೇ ಒಂದು ಭಾಗ್ಯ ಡೆಲ್ಲಾ. ಬ್ಯಾಟಿಗೆ ಚೆಂಡು ತಾಗಿದ ಸದ್ದು ಕಿವಿಗೆ ಬಿದ್ದೊಡನೆ ಬೆನ್ನು ತಿರುಗಿಸಿ ಓಡುತ್ತಾನೆ, ಚೆಂಡಿನ ಕಡೆ ನೋಡುವುದೂ ಇಲ್ಲ. ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತು ತಿರುಗಿದರೆ ಚೆಂಡು ಅವನನ್ನೇ ಹುಡುಕಿಕೊಂಡು ಬರುತ್ತಿರುತ್ತದೆ. ನಿಮ್ಮಪ್ಪ ಬದುಕಿದ್ದರೆ ಊಟ ಬಿಟ್ಟು ನೋಡುತ್ತಿದ್ದರು.

ಇದೇ ಅವನ ಕೊನೆಯ ವರ್ಷ. ಈ ಸಲ ಲೀಗಿನ ಗೆಲುವಿನ ಪತಾಕೆ ಗೆದ್ದುಕೊಟ್ಟರೆ ಮುಂದಿನ ವರ್ಷ ತಂಡದ ಮ್ಯಾನೇಜರ್ ಮಾಡುತ್ತೇನೆಂದು ಮಾಲೀಕ ಥೇಯರ್ ಎಲ್ಲರೆದುರು ಮಾತು ಕೊಟ್ಟಿದ್ದಾರೆ. ಈಗ ನಾವೂ ನಿಮ್ಮ ಲಾರ್ಕಿನ್‌ನ ಗಾಜಿನವರ ತಂಡವೂ ಸಮಸಮ ಇದ್ದೇವೆ. ಸೆಪ್ಟೆಂಬರಿನ ಮೊದಲ ಸೋಮವಾರ, ಕಾರ್ಮಿಕರ ದಿನ, ಇಲ್ಲಿ ನಡೆಯುವ ಕೊನೆಯ ಆಟದಲ್ಲೇ ಎಲ್ಲ ತೀರ್ಮಾನವಾಗುವ ಹಾಗೆ ಕಾಣುತ್ತದೆ.

ನಿನ್ನ ಮನೆಯವನೂ ಆಡುತ್ತಾನಲ್ಲ. ಆಡಲಿ.

ಅಮ್ಮ


ಲಾರ್ಕಿನ್
ಆಗಸ್ಟ್ ೨೬

ಅಮ್ಮ,

ಕೋಟು ಬೇಕು. ನಾನೇ ಬಂದು ತರಬಹುದಿತ್ತು, ಸೇತುವೆ ದಾಟಿದರೆ ನಿನ್ನ ಮನೆ. ಆದರೆ ನಿನ್ನ ಪತ್ರವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದೆ, "ಬಾ" ಎಂಬ ಮಾತು ಎಲ್ಲೂ ಇರಲಿಲ್ಲ.

ಒಂದು ವರ್ಷದ ಮೇಲೆ ನಿನ್ನ ಕೈಬರಹ ನೋಡಿದೆ. ಅಂಚೆಯವನು ಹೋದ ಮೇಲೂ ಬಾಗಿಲಲ್ಲೇ ನಿಂತಿದ್ದೆ.

ನನ್ನ ಮನೆಯವನಿಗೆ ಒಂದು ಹೆಸರಿದೆ ಅಮ್ಮ. ಜೂಲ್ಸ್. ಜೂಲ್ಸ್ ಡೆಲ್ವೋ. ನಿನ್ನ ಬಾಯಲ್ಲಿ ಆ ಹೆಸರು ಬಂದರೆ ನಿನ್ನ ಮೆಥಡಿಸ್ಟ್ ಚರ್ಚಿನವರು ಹೊರಗೆ ಹಾಕುವುದಿಲ್ಲ. ಅವನು ಕ್ಯಾಥೊಲಿಕ್, ಅವನಪ್ಪ ಬೆಲ್ಜಿಯಂನಿಂದ ಬಂದು ಇಲ್ಲಿ ಗಾಜು ಊದಿದವರು, ಅವನು ನಮ್ಮ ಊರಿನ ವಿರುದ್ಧ ಆಡುತ್ತಾನೆ. ಇದೆಲ್ಲ ಮದುವೆಗೆ ಮುಂಚೆ ನನಗೂ ಗೊತ್ತಿತ್ತು. ನಿನಗೆ ಹೇಳದೆ ಕೋರ್ಟಿನಲ್ಲಿ ಮದುವೆಯಾದದ್ದು ನಿನಗೆ ನೋವಾಗಿದೆ. ಹೇಳಿದ್ದರೆ ಏನಾಗುತ್ತಿತ್ತು ಎಂಬುದು ನನಗೂ ಗೊತ್ತು, ನಿನಗೂ ಗೊತ್ತು. ಬಿಡು.

ನಿನ್ನ ವಾಲ್ಡ್ರಪ್ ಬಗ್ಗೆ ಜೂಲ್ಸ್‌ಗೆ ಓದಿ ಹೇಳಿದೆ. "ನಿಮ್ಮಮ್ಮ ಹೇಳಿದ್ದು ಕಮ್ಮೀನೇ. ನಮ್ಮ ಹುಡುಗ್ರು ಚೆಂಡು ಹೊಡೆದ್ಮೇಲೆ ದೇವರನ್ನ ನೆನೆಯಲ್ಲ, ಆ ಮನುಷ್ಯ ಎಲ್ಲಿದಾನೆ ಅಂತ ನೋಡ್ತಾರೆ" ಅಂದ.

ಆ ದಿನ ನಾನು ಮೈದಾನಕ್ಕೆ ಬರುವುದಿಲ್ಲ. ಬಂದರೆ ಯಾವ ಕಡೆ ಕೂರಲಿ? ಮನೆಯಲ್ಲೇ ರೇಡಿಯೊ ಕೇಳುತ್ತೇನೆ.

ಡೆಲ್ಲಾ


ಹ್ಯಾನ್ಲಿ
ಸೆಪ್ಟೆಂಬರ್ ೪

ಡೆಲ್ಲಾ,

ಪೇಪರಿನಲ್ಲಿ ಓದಿರುತ್ತೀಯ. ಅವರು ಬರೆದದ್ದರಲ್ಲಿ ಅಂಕಿಗಳು ಮಾತ್ರ ಸರಿ. ನಾನು ಮೊದಲ ಸಾಲಿನಲ್ಲಿ, ಪಕ್ಕದ ಮನೆಯ ಕೋರಾ ಬ್ರಿಂಡ್ಲಿಯ ಜೊತೆ ಕೂತು ಎಲ್ಲವನ್ನೂ ಕಣ್ಣಾರೆ ಕಂಡವಳು. ನನ್ನಿಂದ ಕೇಳು.

ಟೆಲಿವಿಷನ್ ಪೆಟ್ಟಿಗೆ ಬಂದ ಮೇಲೆ ಖಾಲಿ ಹೊಡೆಯುತ್ತಿದ್ದ ಬೆಂಚುಗಳೆಲ್ಲ ನಿನ್ನೆ ತುಂಬಿ, ಜನ ಬೇಲಿ ಹತ್ತಿ ಕೂತಿದ್ದರು. ನಿಮ್ಮವರು ಬಸ್ಸು ತುಂಬಿಕೊಂಡು ಬಂದಿದ್ದರು. "ಮಡಕೆ ಒಡೆಯೋಕೆ ಬಂದಿದೀವಿ!" ಅಂತ ಅವರು. "ನಿಧಾನಕ್ಕೆ ಇಳೀರೋ, ಬಿದ್ರೆ ಚೂರಾಗ್ತೀರ! ನಾವು ಪೊರಕೆ ತಂದಿಲ್ಲ!" ಅಂತ ನಮ್ಮ ಕಟುಕ ಅರ್ಲ್ ಫಿಂಕ್. ಅವನ ಗಂಟಲಿಗೆ ಮೈಕೇ ಬೇಡ.

ಒಂಬತ್ತರಲ್ಲಿ ಎಂಟು ಇನ್ನಿಂಗ್ಸ್ ಮುಗಿದಾಗ ನಮ್ಮದು ಮೂರು ರನ್, ನಿಮ್ಮದು ಎರಡು. ನಮ್ಮ ಎಸೆತಗಾರ ಮಿಹಾಲಿಕ್‌ನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು, ಪ್ರತಿ ಎಸೆತಕ್ಕೂ ಮುಂಚೆ ತೋಳಿಗೆ ಹಣೆ ಒರೆಸಿಕೊಳ್ಳುತ್ತಿದ್ದ. ಒಂಬತ್ತನೆಯದರಲ್ಲಿ ನಿಮ್ಮ ಕೊನೆಯ ಸರದಿ. ಇಬ್ಬರು ಔಟಾಗಿದ್ದರು, ಎರಡನೇ ಬೇಸಿನಲ್ಲೊಬ್ಬ, ಮೂರನೇ ಬೇಸಿನಲ್ಲೊಬ್ಬ ಓಡಲು ಕಾದಿದ್ದರು. ಇನ್ನೊಬ್ಬ ಔಟಾದರೆ ಆಟ ನಮ್ಮದು, ಪತಾಕೆ ನಮ್ಮದು. ಆಗ ಬ್ಯಾಟು ಹಿಡಿದು ಬಂದವನು ನಿನ್ನ ಮನೆಯವನು.

ಚೆನ್ನಾಗಿಯೇ ಹೊಡೆದ, ಇಲ್ಲವೆನ್ನುವುದಿಲ್ಲ. ಚೆಂಡು ಮಿಹಾಲಿಕ್‌ನ ತಲೆಯ ಮೇಲೆ ಹಾರಿ ಮೈದಾನದ ನಡುವೆ ಇಳಿಯತೊಡಗಿತು. ರಾಯ್ಸ್ ದೂರದಲ್ಲಿದ್ದ. ಈ ಸಲ ಮುಂದಕ್ಕೆ ಓಡಿ ಬಂದ, ಹುಲ್ಲಿಗೆ ಸಮನಾಗಿ ಮೈ ಚಾಚಿದ, ಆ ಕೆಟ್ಟ ಮೊಣಕಾಲು ಮಡಿಸಿ ಬಿದ್ದು ಉರುಳಿದ. ನಿಂತಾಗ ಚೆಂಡು ಕೈಗವಸಿನಲ್ಲಿತ್ತು. ಅಂಪೈರ್ ಗ್ರಿಗ್ಸ್ ಓಡಿ ಹೋಗಿ ನೋಡಿ ಮುಷ್ಟಿ ಎತ್ತಿದ. ಔಟ್!

ಆಮೇಲೆ ನಡೆದದ್ದನ್ನು ಹೇಗೆ ಹೇಳಲಿ? ಕೋರಾ ನನ್ನ ಕೊರಳಿಗೆ ಜೋತು ಬಿದ್ದು ಅತ್ತಳು. ಥೇಯರ್ ತಮ್ಮ ಹ್ಯಾಟನ್ನು ಗಾಳಿಗೆ ಎಸೆದರು. ಬ್ಯಾಂಡಿನವರು ಒಬ್ಬೊಬ್ಬರು ಒಂದೊಂದು ಹಾಡು ಬಾರಿಸಿದರು. ಊರಿಗೂರೇ ಮೈದಾನಕ್ಕೆ ನುಗ್ಗಿ ರಾಯ್ಸ್‌ನನ್ನು ಹೆಗಲ ಮೇಲೆ ಹೊತ್ತಿತು. ಅವನು ಕೈ ಆಡಿಸಿ ಏನೋ ಹೇಳುತ್ತಿದ್ದ. ಖುಷಿಗೆ ಕೂಗುತ್ತಿದ್ದಾನೆಂದೇ ನಾವೆಲ್ಲ ತಿಳಿದದ್ದು. ಕೊನೆಗೆ ಒಬ್ಬನ ತಲೆಗೂದಲು ಹಿಡಿದುಕೊಂಡು ಹೇಗೋ ಕೆಳಗಿಳಿದ. ಕುಂಟುತ್ತ ಜನರ ನಡುವೆ ದಾರಿ ಮಾಡಿಕೊಂಡು ನಮ್ಮ ಕಡೆಗೇ ಬಂದ. ಗ್ರಿಗ್ಸ್ ನಮ್ಮೆದುರಿನ ಕಟಕಟೆಯ ಹತ್ತಿರ ನೀರು ಕುಡಿಯುತ್ತಿದ್ದ, ಹಾಗಾಗಿ ಪ್ರತಿ ಮಾತೂ ನನಗೆ ಕೇಳಿಸಿತು.

"ಗ್ರಿಗ್ಸ್, ನಾನು ಅದನ್ನ ಹಿಡೀಲಿಲ್ಲ."

"ಏನಂದೆ?"

"ಮೊದಲು ನೆಲಕ್ಕೆ ಬಿತ್ತು. ಆಮೇಲೆ ನನ್ ಕೈಗೆ ಬಂತು."

ಮ್ಯಾನೇಜರ್ ಹಾರ್ಗಿಸ್ ಓಡಿ ಬಂದು ಅವನ ತೋಳು ಹಿಡಿದು ಎಳೆದ. "ಬಾಯ್ ಮುಚ್ಚೋ ಮಾರಾಯ! ಔಟ್ ಕೊಟ್ಟಾಗಿದೆ!"

"ಕೊಟ್ಟಿದಾರೆ ಹಾರ್ಗಿಸ್. ತಪ್ಪು ಕೊಟ್ಟಿದಾರೆ."

ಗ್ರಿಗ್ಸ್‌ನ ಮುಖ ಬಿಳಿಚಿಕೊಂಡಿತು. "ಇವ್ರ ಮಧ್ಯೆ ನಿಂತು ಇದನ್ನ ಹೇಳ್ತಿದೀಯಲ್ಲ, ಏನಾಗತ್ತೆ ಗೊತ್ತೇನೋ?" ಎಂದು ಮೆಲ್ಲಗೆ ಕೇಳಿದ. ರಾಯ್ಸ್ ಜನರ ಕಡೆ ಒಂದು ಸಲ ನೋಡಿ, "ಗೊತ್ತು" ಅಂದ.

ಪೊಲೀಸರು ಬಂದು ಮೈದಾನ ಖಾಲಿ ಮಾಡಿಸಿದರು. ಅಂಪೈರುಗಳು ಮಾತಾಡಿಕೊಂಡು ನಿಮ್ಮ ಇಬ್ಬರೂ ಓಟಗಾರರ ರನ್ ಒಪ್ಪಿದರು. ನಿಮ್ಮದು ನಾಲ್ಕು, ನಮ್ಮದು ಮೂರು. ನಿಮ್ಮ ಮುಂದಿನವನು ಬೇಗ ಔಟಾದ. ಉಳಿದದ್ದು ನಮ್ಮ ಕೊನೆಯ ಸರದಿ.

ಮೊದಲನೆಯವನು ಔಟ್. ಎರಡನೆಯವನಾಗಿ ಬಂದವನು ರಾಯ್ಸ್. ನಮ್ಮ ಊರಿನವರೇ ಅವನಿಗೆ ಊಳಿಡುವುದನ್ನು ನಾನು ಕೇಳಿದೆ. "ನದಿ ದಾಟಿ ಹೋಗೋ! ಅವ್ರ ಟೋಪಿ ಹಾಕ್ಕೋ ಹೋಗು!" ಬಾಟಲಿಗಳು ಬಿದ್ದವು. ಕೋರಾ ಒಂದು ಮಾತು ಅಂದಳು, ಅದನ್ನು ಬರೆಯಲಾರೆ. ಅವನು ಅಲ್ಲಾಡದೆ ನಿಂತು ಎರಡನೇ ಎಸೆತವನ್ನು ಬೇಲಿಗೆ ಬಡಿಯುವಂತೆ ಹೊಡೆದ, ಆ ಕಾಲಿನಲ್ಲೇ ಓಡಿ ಎರಡನೇ ಬೇಸ್ ಸೇರಿದ. ಊಳಿಡುತ್ತಿದ್ದವರಲ್ಲಿ ಕೆಲವರು ಮೈಮರೆತು ಚಪ್ಪಾಳೆ ತಟ್ಟಿ, ನೆನಪಾಗಿ ಕೈ ಕೆಳಗಿಳಿಸಿದರು.

ಮುಂದಿನವನು ಔಟಾಗುವಷ್ಟರಲ್ಲಿ ರಾಯ್ಸ್ ಮೂರನೇ ಬೇಸಿಗೆ ಬಂದ. ಅಲ್ಲಿಂದ ಓಡಿ ಬ್ಯಾಟು ಹಿಡಿಯುವ ಜಾಗದ ಪ್ಲೇಟ್ ಮುಟ್ಟಿದರೆ ಒಂದು ರನ್, ಆಟ ಸಮ. ನಮ್ಮ ಕೊನೆಯವನು ಹೊಡೆದದ್ದು ಮೇಲಕ್ಕೆ ಎದ್ದು ನಾವು ಕೂತ ಕಡೆಗೆ ಬಂತು. ನಿನ್ನ ಮನೆಯವನು ಓಡಿ ಬಂದು ನಮ್ಮ ಮುಂದೆಯೇ ಹಿಡಿದ. ಮುಗಿಯಿತು.

ರಾತ್ರಿ ರಾಯ್ಸ್ ಊಟಕ್ಕೆ ಬಂದಾಗ ತಟ್ಟೆ ಇಟ್ಟು ಹೊರಗೆ ಹೋದೆ. ನನಗೂ ಸಿಟ್ಟು ಬಂದಿತ್ತು. ಈ ಬೆಳಿಗ್ಗೆ ಕಾಫಿ ಬಗ್ಗಿಸುತ್ತ ಕೇಳಿಯೇಬಿಟ್ಟೆ. "ಯಾಕಪ್ಪ ಹೇಳ್ದೆ? ಯಾರೂ ನೋಡಿರ್ಲಿಲ್ವಲ್ಲ."

ಹೇಳಿದ: "ಕೈಗವಸಿನೊಳಗೆ ಚೆಂಡಿನ ಜೊತೆ ಹುಲ್ಲೂ ಬಂದಿತ್ತು ಅಮ್ಮಾ. ಎಲ್ರೂ ನನ್ನ ಹೊತ್ಕೊಂಡು ಕುಣೀತಿದ್ರು. ನಂಗೊಬ್ಬನಿಗೇ ಆಟ ಇನ್ನೂ ಮುಗಿದಿಲ್ಲ ಅಂತ ಗೊತ್ತಿತ್ತು. ಒಬ್ಬನೇ ಅದನ್ನ ಹೆಂಗ್ ಇಟ್ಕೊಳ್ಳಲಿ?" ಆಮೇಲೆ ಇನ್ನೊಂದು ರೊಟ್ಟಿ ಕೇಳಿದ.

ನಾನು ಗೆದ್ದವರನ್ನು ಬೇಕಾದಷ್ಟು ನೋಡಿದ್ದೇನೆ ಡೆಲ್ಲಾ. ಇಂಥವನನ್ನು ನೋಡಿರಲಿಲ್ಲ.

ಅಮ್ಮ


ಲಾರ್ಕಿನ್
ಸೆಪ್ಟೆಂಬರ್ ೭

ಪ್ರೀತಿಯ ಅಮ್ಮ,

ನಿನ್ನ ಪತ್ರ ಬರುವ ತನಕ ನನಗೆ ಅರ್ಧ ಕಥೆಯೂ ಗೊತ್ತಿರಲಿಲ್ಲ. ರೇಡಿಯೊದವನು "ಹ್ಯಾನ್ಲಿಗೆ ಪತಾಕೆ!" ಎಂದು ಕಿರುಚಿ, ಆಟ ಮುಗಿಯಿತೆಂದು ಅಕಾರ್ಡಿಯನ್ ಸಂಗೀತ ಹಾಕಿಬಿಟ್ಟ. ಪಾಪ, ಸೋತು ಬರುತ್ತಾನೆ ಎಂದು ನಾನು ಜೂಲ್ಸ್‌ಗೆ ಇಷ್ಟವಾದ ಈರುಳ್ಳಿ ಸಾರು ಮಾಡಿಟ್ಟು, ಅತ್ತು, ಮುಖ ತೊಳೆದು ಕೂತಿದ್ದೆ. ಅವನು ಬಾಗಿಲಲ್ಲಿ ನಿಂತು "ಗೆದ್ವಿ" ಅಂದ. ಸಮಾಧಾನ ಮಾಡಲು ಸುಳ್ಳು ಹೇಳುತ್ತಿದ್ದಾನೆ ಅಂದುಕೊಂಡೆ. ಗೆದ್ದವನ ಮುಖವೂ ಅದಲ್ಲ. ಕುರ್ಚಿಯಲ್ಲಿ ಕೂತು ಬೂಟು ಬಿಚ್ಚುವುದನ್ನೇ ಮರೆತ.

ನೀನು ಕೂತಲ್ಲಿಗೆ ಕೇಳಿಸದ ಮಾತು ಕೆಲವಿವೆ. ಕ್ಯಾಚರ್ ಆದ್ದರಿಂದ ಜೂಲ್ಸ್ ಬ್ಯಾಟು ಹಿಡಿದವನ ಹಿಂದೆಯೇ ಕುಕ್ಕರಗಾಲಲ್ಲಿ ಕೂತಿರುತ್ತಾನಲ್ಲ. ವಾಲ್ಡ್ರಪ್ ಬಂದು ನಿಂತಾಗ ಇವನು ತಡೆಯಲಾರದೆ ಕೇಳಿದನಂತೆ:

"ಏನಣ್ಣ, ತಲೆ ಕೆಟ್ಟಿದ್ಯಾ ನಿಂಗೆ? ಚೆಂಡು ನೆಲಕ್ಕೆ ತಾಗಿದ್ದು ನಾನೇ ನೋಡ್ಲಿಲ್ಲ."

"ನಾನು ನೋಡಿದ್ನಲ್ಲ."

"ನಿನ್ ಜಾಗದಲ್ಲಿ ನಾನಿದ್ದಿದ್ರೆ ಉಸಿರು ಬಿಡ್ತಿರ್ಲಿಲ್ಲ."

"ಪಾಪನಿವೇದನೆ ಯಾರ್ದು ಇದು, ನಂದಾ ನಿಂದಾ? ಎಸೀಲಿ ಬಿಡಪ್ಪ ನಿಮ್ಮೋನು, ಬಾಟ್ಲಿ ಬೀಳ್ತಾ ಇವೆ."

ಆಗಲೇ ಒಂದು ಬಾಟಲಿ ಜೂಲ್ಸ್‌ನ ಕಾಲ ಬಳಿ ಬಿದ್ದು ಒಡೆಯಿತಂತೆ. ವಾಲ್ಡ್ರಪ್ ಬ್ಯಾಟಿನ ತುದಿಯಿಂದ ಗಾಜಿನ ಚೂರುಗಳನ್ನು ಪಕ್ಕಕ್ಕೆ ತಳ್ಳಿ, "ನೋಡ್ಕೊಂಡು ಕೂತ್ಕೋ" ಅಂದನಂತೆ. ಆಮೇಲೆ ಬೇಲಿಗೆ ಹೊಡೆದ. "ಅಂಥ ಹೊಡೆತ ಹೊಡೆದವನನ್ನ ಸೋಲಿಸಿ ಮನೆಗೆ ಬಂದಿದೀನಿ ಡೆಲ್ಲಾ, ಊಟ ಸೇರ್ತಿಲ್ಲ" ಅಂದ. ಸಾರು ನಾನೇ ಕುಡಿದೆ.

ಇನ್ನೊಂದು. ಆ ಕೊನೆಯ ಚೆಂಡನ್ನು "ನಮ್ಮ ಮುಂದೆಯೇ ಹಿಡಿದ" ಎಂದಷ್ಟೇ ಬರೆದಿದ್ದೀಯ. ಜೂಲ್ಸ್ ಹೇಳಿದ್ದು ಬೇರೆ. ಚೆಂಡು ಕಟಕಟೆಯ ಮೇಲೇ ಇಳಿಯುತ್ತಿತ್ತಂತೆ, ಕೋರಾ ಬ್ರಿಂಡ್ಲಿ ಅದನ್ನು ತಟ್ಟಿ ಕೆಡವಲು ಎದ್ದು ಕೈ ಚಾಚಿದಳಂತೆ, ಆಗ ಪಕ್ಕದಲ್ಲಿದ್ದ ಹೆಂಗಸು ಅವಳ ಮಣಿಕಟ್ಟು ಹಿಡಿದು ಕೆಳಕ್ಕೆ ಎಳೆದಳಂತೆ. ಇವನು ಚೆಂಡು ಹಿಡಿದು ತಲೆ ಎತ್ತಿದರೆ ಎದುರಿಗೆ ನೀನು. "'ಕ್ಷಮಿಸಿ ಅತ್ತೆ' ಅಂದೆ, ಅವರು ಬೇರೆ ಕಡೆ ನೋಡಿದ್ರು" ಅಂದ ಜೂಲ್ಸ್.

ನೀನು ಇದನ್ನು ಏಕೆ ಬರೆಯಲಿಲ್ಲ ಅಮ್ಮ?

ಈಚೆಗೆ ಬೆಳಗಿನ ಹೊತ್ತು ಕಾಫಿಯ ವಾಸನೆಯೇ ಆಗುತ್ತಿಲ್ಲ. ಈರುಳ್ಳಿ ಸಾರು ಮಾತ್ರ ಎಷ್ಟು ಬೇಕಾದರೂ ಸೇರುತ್ತದೆ.

ನಿನ್ನ ಡೆಲ್ಲಾ


ಹ್ಯಾನ್ಲಿ
ಸೆಪ್ಟೆಂಬರ್ ೩೦

ಡೆಲ್ಲಾ ಮಗಳೇ,

ಕೋರಾಳ ಕೈಯಲ್ಲಿ ಕಡಲೆಕಾಯಿ ಪೊಟ್ಟಣವಿತ್ತು. ಚೆಲ್ಲಿಹೋಗುತ್ತದೆಂದು ಹಿಡಿದೆ. ಅಷ್ಟೇ.

ಕೋಟಿನ ಜೊತೆ ಶುಂಠಿ ಬಿಸ್ಕತ್ತು ಕಳಿಸಿದ್ದೇನೆ. ಹಾಸಿಗೆಯಿಂದ ಏಳುವ ಮುಂಚೆ ಒಂದು ಬಾಯಿಗೆ ಹಾಕಿಕೊ. ಭಾರ ಎತ್ತಬೇಡ. ಗಾಜಿನ ಕಾರ್ಖಾನೆಯಲ್ಲಿ ಪೆಟ್ಟಿಗೆ ಹೊರುವ ಕೆಲಸ ಇನ್ನು ಸಾಕು. ನೀನು ಬರೆಯದಿದ್ದರೂ ಓದಲು ಬರುತ್ತದೆ ನನಗೆ.

ಇಲ್ಲಿನ ಸುದ್ದಿ ಚೆನ್ನಾಗಿಲ್ಲ. ಥೇಯರ್ ತಮ್ಮ ಮಾತು ಹಿಂತೆಗೆದುಕೊಂಡರು. ಮುಂದಿನ ವರ್ಷವೂ ಹಾರ್ಗಿಸ್‌ನೇ ಮ್ಯಾನೇಜರ್. ರಾಯ್ಸ್‌ಗೆ ತಾವೇ ಹೇಳಲೂ ಇಲ್ಲ, ಅವನು ಪೇಪರಿನಲ್ಲಿ ಓದಿ ತಿಳಿದುಕೊಂಡ. ಅರ್ಲ್ ಫಿಂಕ್ ನನಗೆ ಬರೀ ಕೊಬ್ಬಿನ ತುಂಡು ಕಟ್ಟಿಕೊಟ್ಟು, "ನಿಮ್ಮನೇ ಅತಿಥಿಗೆ ಇದು ಸಾಕು" ಅಂದ. ಕೋರಾ ಮಾತು ಬಿಟ್ಟಿದ್ದಾಳೆ. ಒಂದು ಬೆಳಿಗ್ಗೆ ಬಾಗಿಲು ತೆಗೆದರೆ ಮೆಟ್ಟಿಲ ತುಂಬ ಒಡೆದ ಪಿಂಗಾಣಿ. ಯಾರೋ ಕಾರ್ಖಾನೆಯ ತಿಪ್ಪೆಯಿಂದ ಗಾಡಿಗಟ್ಟಲೆ ತಂದು ಸುರಿದಿದ್ದರು.

ನನಗೆ ಕಣ್ಣಲ್ಲಿ ನೀರು ಬಂತು. ರಾಯ್ಸ್ ಪೊರಕೆ ತಂದು ಗುಡಿಸತೊಡಗಿದ. ನಡುವೆ ಬಗ್ಗಿ ಒಂದು ಚೂರು ಎತ್ತಿ ಬೆಳಕಿಗೆ ಹಿಡಿದು, "ನೋಡಿ ಅಮ್ಮಾ, ಈ ನೀಲಿ ಹೂ ಎಷ್ಟು ಚೆನ್ನಾಗಿ ಬರೆದಿದಾರೆ" ಅಂದ. ಅಣಕವಲ್ಲ ಡೆಲ್ಲಾ, ನಿಜವಾಗಿಯೂ ಚೆನ್ನಾಗಿದೆ ಅಂತಲೇ ಅಂದದ್ದು.

"ಈ ಊರು ಬಿಟ್ಟು ಹೋಗಪ್ಪ, ನಿನ್ನ ಬೆಟ್ಟಕ್ಕೆ ಹೋಗು" ಅಂದೆ. "ಹೋದ್ರೆ ತಪ್ಪು ಮಾಡಿ ಓಡಿಹೋದ ಅಂತಾರೆ. ಚಳಿಗಾಲ ಇಲ್ಲೇ ಇರ್ತೀನಿ. ನಿಮಗೆ ತೊಂದ್ರೆ ಆಗತ್ತೆ ಅಂದ್ರೆ ಬೇರೆ ಕೋಣೆ ನೋಡ್ತೀನಿ" ಅಂದ. ಈ ಮನೆಯಲ್ಲಿ ಯಾರಿರಬೇಕು ಎಂದು ಅರ್ಲ್ ಫಿಂಕ್ ತೀರ್ಮಾನ ಮಾಡುವುದಿಲ್ಲ ಎಂದು ಹೇಳಿ ಗದರಿಸಿದೆ. ಈಗ ಪಿಂಗಾಣಿ ಕಾರ್ಖಾನೆಯಲ್ಲಿ ಗೂಡಿಗೆ ಪಾತ್ರೆ ತುಂಬುವ ಕೆಲಸ ಮಾಡುತ್ತಿದ್ದಾನೆ. ಮಧ್ಯಾಹ್ನದ ಊಟಕ್ಕೆ ಅವನ ಬೆಂಚಿನಲ್ಲಿ ಯಾರೂ ಕೂರುವುದಿಲ್ಲವಂತೆ. "ಜಾಗ ಧಾರಾಳವಾಗಿದೆ, ಕಾಲು ಚಾಚ್ಕೊಂಡು ಊಟ ಮಾಡ್ತೀನಿ" ಎಂದು ನಗುತ್ತಾನೆ.

ಭಾನುವಾರ ನಿನಗೆ ಬಿಡುವಿರುತ್ತದೆಯೆ?

ನಿನ್ನ ಅಮ್ಮ


ಲಾರ್ಕಿನ್
ಡಿಸೆಂಬರ್ ೧೦

ಪ್ರೀತಿಯ ಅಮ್ಮ,

ನಿನ್ನ ಕನ್ನಡಕ ನಮ್ಮ ಅಡುಗೆಮನೆಯ ಕಿಟಕಿಯಲ್ಲಿದೆ, ಹುಡುಕಬೇಡ. ಮುಂದಿನ ಭಾನುವಾರ ಬಂದಾಗ ತೆಗೆದುಕೊಂಡರಾಯಿತು. ನೀನು ಬಂದು ಹೋದಾಗಿನಿಂದ ನನ್ನ ಅತ್ತೆಯದು ಒಂದೇ ಮಾತು: "ಆ ಕುಂಬಾರಗಿತ್ತಿಗೆ ನನ್ನ ಬೆಲ್ಜಿಯಂ ಕಾವಲಿ ಬಿಸ್ಕತ್ತಿಗೆ ಸಕ್ಕರೆ ಕಮ್ಮಿ ಅನ್ನೋ ಧೈರ್ಯ ಎಲ್ಲಿಂದ ಬಂತು?" ಹೇಳುತ್ತಲೇ ಹೊಸ ಹಿಟ್ಟಿಗೆ ಇನ್ನೊಂದು ಹಿಡಿ ಸಕ್ಕರೆ ಹಾಕಿದರು. ನಾನು ನೋಡದ ಹಾಗೆ ಇದ್ದೆ.

ಹೋದ ಶನಿವಾರ ಜೂಲ್ಸ್ ನಿಮ್ಮ ಕಾರ್ಖಾನೆಗೆ ಹೋಗಿದ್ದ. ನನಗೆ ಹೇಳಿರಲಿಲ್ಲ. ಮಧ್ಯಾಹ್ನದ ಊಟದ ಡಬ್ಬಿ ಹಿಡಿದುಕೊಂಡು ನೇರ ಒಳಗೆ ಹೋಗಿ ವಾಲ್ಡ್ರಪ್‌ನ ಬೆಂಚಿನಲ್ಲಿ ಕೂತನಂತೆ. ನಿಮ್ಮವರೆಲ್ಲ ತಿನ್ನುವುದು ಬಿಟ್ಟು ನೋಡಿದರಂತೆ. "ಏನ್ ಮಾತಾಡಿದ್ರಿ?" ಅಂತ ಕೇಳಿದೆ. "ಏನಿಲ್ಲ. ಅವನ ಹತ್ರ ಉಪ್ಪಿನಕಾಯಿ ಇತ್ತು, ನನ್ ಹತ್ರ ಚೀಸ್ ಇತ್ತು" ಅಂದ.

ಹೊರಡುವ ಹೊತ್ತಿಗೆ ಅಲ್ಲೇ ಕೆಲಸ ಮಾಡುವ ನಿಮ್ಮ ಎಸೆತಗಾರ ಮಿಹಾಲಿಕ್ ಕೂಡ ಎದ್ದು ಬಂದು ಆ ಬೆಂಚಿನ ತುದಿಯಲ್ಲಿ ಕೂತನಂತೆ. ಪತಾಕೆ ತಪ್ಪಿ ಎಲ್ಲರಿಗಿಂತ ಹೆಚ್ಚು ನೊಂದವನು ಅವನೇ ಅಲ್ಲವೆ?

ಮಗು ಒದೆಯುತ್ತದೆ.

ನಿನ್ನ ಡೆಲ್ಲಾ


ಹ್ಯಾನ್ಲಿ
ಜನವರಿ ೧೪, ೧೯೫೨

ಡೆಲ್ಲಾ,

ಭಾನುವಾರದ ತನಕ ಕಾಯಲಾರೆ, ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನೆ ಹಿಮ ಬೀಳುತ್ತಿದ್ದಾಗ ಬಾಗಿಲು ತಟ್ಟಿದ ಸದ್ದಾಯಿತು. ತೆಗೆದರೆ ಅಂಪೈರ್ ಗ್ರಿಗ್ಸ್. ಕರಿ ಕೋಟಿಲ್ಲದೆ ಆ ಮನುಷ್ಯ ಎಷ್ಟು ಸಣ್ಣಗೆ ಕಾಣುತ್ತಾನೆ! ಬೂಟಿನ ಹಿಮ ಒದರಿ, ಕಾಫಿ ಬೇಡವೆಂದು ಎರಡು ಲೋಟ ಕುಡಿದು, ರಾಯ್ಸ್‌ನ ಎದುರು ಕೂತ.

"ನನ್ನ ಕಣ್ಣು ಮಂಜಾಗ್ತಿದೆ ಕಣಪ್ಪ" ಅಂದ. "ಆ ದಿನ ನಾನು ಹತ್ತಿರ ಬಂದು ನೋಡಿದೆ. ಆದ್ರೂ ಕಾಣ್ಲಿಲ್ಲ. ನೀನು ಹೇಳದೇ ಇದ್ದಿದ್ರೆ ನನಗೆ ಗೊತ್ತೇ ಆಗ್ತಿರ್ಲಿಲ್ಲ, ಇನ್ನೂ ಎರಡು ವರ್ಷ ಹಂಗೇ ತೀರ್ಪು ಕೊಡ್ತಾ ಇರ್ತಿದ್ದೆ. ಈ ವರ್ಷ ಬಿಟ್ಟೆ."

ರಾಯ್ಸ್ ಮುಖ ಕೆಂಪಾಗಿ, "ನಿಮ್ಮ ಕೆಲಸ ಕಳೀಬೇಕು ಅಂತ ನಾನು ಹೇಳಿದ್ದಲ್ಲ" ಅಂದ.

"ಗೊತ್ತಯ್ಯಾ. ನನ್ನ ಜಾಗಕ್ಕೆ ಒಬ್ಬರ ಹೆಸರು ಕೊಡಿ ಅಂತ ಲೀಗಿನವರು ಕೇಳಿದ್ರು. ಆಟಗಾರರು ನನಗೆ ಹೇಳಿದ ಸುಳ್ಳು ಲೆಕ್ಕವಿಲ್ಲದಷ್ಟು. ನಿಜ ಹೇಳಿದೋನು ಒಬ್ಬನೇ. ಅವನ ಹೆಸರು ಕೊಟ್ಟು ಬಂದಿದೀನಿ. ಫ್ಲೋರಿಡಾದಲ್ಲಿ ಅಂಪೈರ್ ತರಬೇತಿ ಶುರುವಾಗ್ತಿದೆ. ಹೋಗ್ತೀಯಾ?"

ರಾಯ್ಸ್ ಮೊಣಕಾಲನ್ನು ಉಜ್ಜಿಕೊಂಡ. "ಎಲ್ರೂ ಬೈತಾರೆ."

"ಅದಕ್ಕೆ ನಿಂಗೆ ಈಗ್ಲೇ ಅಭ್ಯಾಸ ಆಗಿದೆಯಲ್ಲ" ಅಂದ ಗ್ರಿಗ್ಸ್. ಆ ಮುದುಕ ನಕ್ಕಿದ್ದನ್ನು ಇದೇ ಮೊದಲು ನೋಡಿದ್ದು.

ಇವತ್ತು ಬೆಳಿಗ್ಗೆ ರೈಲು ನಿಲ್ದಾಣಕ್ಕೆ ನಾನೇ ಹೋಗಿ ರಾಯ್ಸ್‌ನನ್ನು ಕಳಿಸಿ ಬಂದೆ. ಮಹಡಿ ಕೋಣೆ ಖಾಲಿಯಾಯಿತು. ಹೊಸ ಬಾಡಿಗೆಯವರಿಗೆ ಕೊಡುವುದಿಲ್ಲ. ಹೆರಿಗೆಯ ಮೇಲೆ ನೀನು ಸ್ವಲ್ಪ ದಿನ ಬಂದಿರಬೇಕು. ಬಾ ಎಂದು ಬರೆದಿದ್ದೇನೆ, ನೋಡಿಕೊ.

ಜೂಲ್ಸ್‌ಗೂ ಹೇಳು.

ನಿನ್ನ ಅಮ್ಮ


ಹ್ಯಾನ್ಲಿ
ಮೇ ೪, ೧೯೫೨

ಡೆಲ್ಲಾ,

ಮಗುವಿನ ಶೀತ ಹೇಗಿದೆ? ಎದೆಗೆ ಕರ್ಪೂರದ ಎಣ್ಣೆ ಹೆಚ್ಚು ಹಚ್ಚಬೇಡ. ನನ್ನ ಮೊಮ್ಮಗಳು ರೋಸಲಿಗೆ ನೆಗಡಿ ಬರಲು ಇದೇ ದಿನ ಆಗಬೇಕಿತ್ತೆ, ಈ ಆಟ ನೀನು ನೋಡಬೇಕಿತ್ತು.

ಈ ವರ್ಷದ ಮೊದಲ ಆಟವೇ ನಮಗೂ ನಿಮಗೂ, ಅದೂ ನಮ್ಮ ಮೈದಾನದಲ್ಲೇ. ಜನ ಮೊದಲಿನಷ್ಟಿಲ್ಲ, ಈ ಲೀಗು ಇನ್ನೆಷ್ಟು ವರ್ಷ ನಡೆಯುತ್ತದೋ ದೇವರೇ ಬಲ್ಲ. ಕ್ಯಾಚರ್‌ನ ಬೆನ್ನ ಹಿಂದೆ ಕರಿ ಕೋಟು, ಕರಿ ಟೋಪಿ ಹಾಕಿಕೊಂಡು ಬಂದು ನಿಂತವನು ರಾಯ್ಸ್. ಧ್ವನಿವರ್ಧಕದಲ್ಲಿ ಅವನ ಹೆಸರು ಹೇಳಿದಾಗ ಯಾರೂ ಊಳಿಡಲಿಲ್ಲ, ಯಾರೂ ಚಪ್ಪಾಳೆಯನ್ನೂ ತಟ್ಟಲಿಲ್ಲ. ಇಡೀ ಮೈದಾನ ಅವನನ್ನು ಸುಮ್ಮನೆ ನೋಡಿತು. ಅವನು ಬಗ್ಗಿ ಸಣ್ಣ ಬ್ರಷ್ಷಿನಿಂದ ಪ್ಲೇಟಿನ ಮಣ್ಣು ಗುಡಿಸಿದ.

ಎಂಟನೆಯ ಇನ್ನಿಂಗ್ಸ್‌ನಲ್ಲಿ ಇಬ್ಬರದೂ ಎರಡೆರಡು ರನ್. ನಮ್ಮ ಹೊಸ ಹುಡುಗ ಸೊಕೋಲ್ ಎರಡನೇ ಬೇಸಿನಿಂದ ಪ್ಲೇಟಿನ ಕಡೆಗೆ ಓಡಿ ಬಂದ. ದೂರದಿಂದ ಚೆಂಡೂ ಬಂತು. ಜೂಲ್ಸ್ ಹಿಡಿದು ತಿರುಗಿ ಅವನ ಮೈಗೆ ಮುಟ್ಟಿಸಿದ, ಸೊಕೋಲ್ ಕಾಲು ಚಾಚಿ ಜಾರಿದ. ಧೂಳು ಎದ್ದು ಯಾರಿಗೂ ಏನೂ ಕಾಣಲಿಲ್ಲ. ರಾಯ್ಸ್ ಮಂಡಿಯೂರಿ ಆ ಧೂಳಿನೊಳಗೇ ಮುಖ ಇಟ್ಟಿದ್ದ. ಎದ್ದು ಮುಷ್ಟಿ ಎತ್ತಿದ. ಔಟ್.

ಹಾರ್ಗಿಸ್ ಬೆಂಚಿನಿಂದ ಗೂಳಿಯಂತೆ ನುಗ್ಗಿದ. ರಾಯ್ಸ್‌ನ ಮೂಗಿಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ಬಾಯಿ ತೆರೆದ. ರಾಯ್ಸ್ ಅವನನ್ನೇ ನೋಡುತ್ತ ನಿಂತ. ಹಾರ್ಗಿಸ್ ಬಾಯಿ ಮುಚ್ಚಿದ. ಟೋಪಿ ತೆಗೆದು ತಲೆ ಕೆರೆದು, ಮತ್ತೆ ಹಾಕಿಕೊಂಡು, ಬಂದ ದಾರಿಯಲ್ಲೇ ಹೋಗಿ ಕೂತ. ಮೇಲಿನ ಸಾಲಿನಲ್ಲಿ ಯಾರೋ ಗೊಣಗಿದಾಗ ಅರ್ಲ್ ಫಿಂಕ್‌ನ ಗಂಟಲು ಕೇಳಿತು: "ಏಯ್, ಅವನು ಔಟ್ ಅಂದ್ರೆ ಔಟೇ! ತನ್ನ ಮೇಲೇ ಹೇಳ್ಕೊಂಡೋನು ಅವನು. ಕೂತ್ಕೊಳ್ಳೋ!"

ಎಂಥ ಮೌನ ಅಂತೀಯ! ಹ್ಯಾನ್ಲಿಯಲ್ಲಿ ಒಬ್ಬ ಅಂಪೈರನಿಗೆ ಅಂಥ ಮರ್ಯಾದೆ ಯಾವತ್ತೂ ಸಿಕ್ಕಿಲ್ಲ. ನನ್ನ ಎದೆ ತುಂಬಿ ಬಂತು.

ಆದರೆ ಡೆಲ್ಲಾ, ಸೊಕೋಲ್‌ನ ಕಾಲು ಮೊದಲು ಪ್ಲೇಟಿಗೆ ತಾಗಿತ್ತು. ನಾನು ನೋಡಿದೆ. ಆ ಮೌನದ ನಡುವೆ ನಾನೊಬ್ಬಳೇ ಎದ್ದು ನಿಂತೆ. "ರಾಯ್ಸ್ ವಾಲ್ಡ್ರಪ್! ಕುರುಡಾ! ನಿಂಗೆ ಕಣ್ಣಿಲ್ವೇನೋ!"

ಮೈದಾನಕ್ಕೆ ಮೈದಾನವೇ ನಕ್ಕಿತು. ಕೋರಾ, ಇಷ್ಟು ದಿನ ನನ್ನೊಡನೆ ಮಾತು ಬಿಟ್ಟಿದ್ದವಳು, ನನ್ನ ಸೊಂಟ ಹಿಡಿದುಕೊಂಡು ಬಿದ್ದು ಬಿದ್ದು ನಕ್ಕಳು. ಅಂಪೈರ್ ಆದವನು ಜನರ ಕಡೆ ತಿರುಗಬಾರದಂತೆ. ರಾಯ್ಸ್ ತಿರುಗಲಿಲ್ಲ, ಆದರೆ ಅವನ ಬೆನ್ನು ಕುಲುಕುತ್ತಿತ್ತು. ಜೂಲ್ಸ್ ಮುಖವಾಡ ಮೇಲೆತ್ತಿ, "ಅತ್ತೆ, ಔಟೇ ಅದು!" ಅಂತ ಕೂಗಿದ. "ನೀನು ಸುಮ್ನಿರಪ್ಪ, ನಿನ್ನನ್ಯಾರು ಕೇಳಿದ್ದು!" ಅಂದೆ.

ಒಂಬತ್ತನೆಯದರಲ್ಲಿ ಮಿಹಾಲಿಕ್ ನಿಮ್ಮವರನ್ನು ಸಾಲಾಗಿ ಮಲಗಿಸಿದ, ನಮ್ಮವರು ಒಂದು ರನ್ ಹೊಡೆದು ಗೆದ್ದರು. ಆದರೂ ನನ್ನ ಸಿಟ್ಟು ಇಳಿದಿಲ್ಲ.

ಊರಿನವರ ಮನೆಯಲ್ಲಿ ಅಂಪೈರ್ ತಂಗಬಾರದೆಂಬ ನಿಯಮವಿದೆಯಂತೆ. ಊಟದ ಬಗ್ಗೆ ನಿಯಮದಲ್ಲಿ ಏನೂ ಇಲ್ಲವಂತೆ. ಹಾಗಾಗಿ ರಾಯ್ಸ್, ಜೂಲ್ಸ್ ಇಬ್ಬರೂ ಇಲ್ಲಿಗೇ ಬಂದರು. ಊಟದ ಮೇಜಿನ ಮೇಲೆ ಉಪ್ಪಿನ ಡಬ್ಬಿಯನ್ನು ಸೊಕೋಲ್ ಮಾಡಿ, ಮೆಣಸಿನ ಡಬ್ಬಿಯನ್ನು ಜೂಲ್ಸ್ ಮಾಡಿ, ಕಾಲು ಎಲ್ಲಿತ್ತು, ಕೈ ಎಲ್ಲಿತ್ತು ಎಂದು ತೋರಿಸಿಕೊಟ್ಟೆ. ರಾಯ್ಸ್ ಎಲ್ಲವನ್ನೂ ಗಮನವಿಟ್ಟು ನೋಡಿ, "ಇರಬಹುದು ಅಮ್ಮಾ. ನನಗೆ ಕಂಡದ್ದು ಔಟು. ಆಲೂಗಡ್ಡೆ ಈ ಕಡೆ ಕೊಡ್ತೀರಾ?" ಅಂದ.

ಈಗ ಇಬ್ಬರೂ ಪಾತ್ರೆ ತೊಳೆಯುತ್ತಿದ್ದಾರೆ. ಈ ಪತ್ರವನ್ನು ಜೂಲ್ಸ್‌ನ ಕೈಯಲ್ಲೇ ಕೊಟ್ಟು ಕಳಿಸುತ್ತೇನೆ. ಮನೆಗೆ ಬಂದ ಕೂಡಲೇ ಅವನನ್ನು ಎದುರಿಗೆ ಕೂರಿಸಿಕೊಂಡು ಕೇಳು. ಮುಟ್ಟಿಸಿದವನು ಅವನು, ಮೊದಲು ತಾಗಿದ್ದು ಕೈಯೋ ಕಾಲೋ ಅವನಿಗೆ ಗೊತ್ತಿರಲೇಬೇಕು. ಹೇಳುತ್ತಾನೋ ನೋಡೋಣ.

ನಿನ್ನ ಅಮ್ಮ